ಬೋಂಡ, ಬಜ್ಜಿ ಮತ್ತು ಏಳನೆಯ ಕಲಮು

ಬೆಂಗಳೂರಿನಲ್ಲಿ ಬಾಡಿಗೆಮನೆ ನೋಡಲು ಹೋದವರಿಗೆ ಓನರುಗಳು ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ‘ಎಷ್ಟು ಜನ?’ ಎಂಬುದು ಮೊದಲನೆಯದು. ‘ಎಲ್ಲಿ ಕೆಲಸ?’ ಎರಡನೆಯದು. ಮೂರನೆಯದು ‘ಯಾವ ಕಡೆಯವರು?’ ನೋಡಲು ಇದು ಭೂಗೋಳದ ಪ್ರಶ್ನೆ. ಊರಿನ ಹೆಸರು ಹೇಳಿದ ಮೇಲೂ ಅವರು ನಮ್ಮ ಮುಖವನ್ನೇ ನೋಡುತ್ತಿದ್ದರೆ ಕೇಳಿದ್ದು ಊರನ್ನಲ್ಲ ಎಂದು ತಿಳಿಯಬೇಕು. ನಾಲ್ಕನೆಯದು ‘ನೆಂಟರು ಜಾಸ್ತಿ ಬರ್ತಾರಾ?’ ಇದರ ತಾತ್ಪರ್ಯ ನೀರು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ಒಬ್ಬ ನೆಂಟನೆಂದರೆ ದಿನಕ್ಕೆ ಇಷ್ಟು ಬಕೆಟ್ ಎಂಬ ಲೆಕ್ಕ ಓನರುಗಳ ತಲೆಯಲ್ಲಿ ಸದಾ ಓಡುತ್ತಿರುತ್ತದೆ.

ಹನುಮಂತನಗರದ ಈ ಮನೆಯ ಮಹಡಿಯನ್ನು ನೋಡಲು ಬಂದಾಗ ನಮಗೂ ಇವೇ ನಾಲ್ಕು ಪ್ರಶ್ನೆಗಳು ಬಂದವು. ನಾಲ್ಕಕ್ಕೂ ಉತ್ತರ ಕೊಟ್ಟು ಪಾಸಾದೆವು. ಪ್ರಾಣಿಗಳ ಬಗ್ಗೆ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಹೇಳುವುದಕ್ಕೆ ಆಗ ನಮ್ಮ ಬಳಿ ಪ್ರಾಣಿಯೂ ಇರಲಿಲ್ಲ.

ಆದರೆ ಬಾಯಿ ಕೇಳದ್ದನ್ನು ಕಾಗದ ಹೇಳುತ್ತದೆ. ಅಗ್ರಿಮೆಂಟು ಹನ್ನೊಂದು ತಿಂಗಳದ್ದು. ಹನ್ನೆರಡು ಯಾಕಲ್ಲ ಎಂದರೆ, 1908ರ ನೋಂದಣಿ ಕಾಯ್ದೆಯ ಪ್ರಕಾರ ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು ಸಬ್‌ರಿಜಿಸ್ಟ್ರಾರ್ ಮುಂದೆ ನೋಂದಾಯಿಸಲೇಬೇಕು. ಆ ಖರ್ಚೂ ಓಡಾಟವೂ ಇಬ್ಬರಿಗೂ ಬೇಡ. ಹಾಗಾಗಿ ಈ ಊರಿನ ಬಾಡಿಗೆದಾರರ ವರ್ಷಕ್ಕೆ ಹನ್ನೊಂದೇ ತಿಂಗಳು. ಸ್ಟಾಂಪ್ ಪೇಪರಿನ ಮೇಲೆ ಕಲಮುಗಳು ಸಾಲಾಗಿ ನಿಂತಿದ್ದವು. ಗೋಡೆಗೆ ಮೊಳೆ ಹೊಡೆಯಕೂಡದು. ಒಳಬಾಡಿಗೆಗೆ ಕೊಡಕೂಡದು. ಏಳನೆಯ ಕಲಮಿನಲ್ಲಿ, ಸದರಿ ಸ್ವತ್ತಿನೊಳಗೆ ಸ್ಫೋಟಕ ವಸ್ತುಗಳನ್ನಾಗಲಿ, ಬೇಗ ಬೆಂಕಿ ಹತ್ತಿಕೊಳ್ಳುವ ದ್ರವಗಳನ್ನಾಗಲಿ, ಸಾಕುಪ್ರಾಣಿಗಳನ್ನಾಗಲಿ ಇಟ್ಟುಕೊಳ್ಳಕೂಡದು ಎಂದಿತ್ತು. ಡೈನಮೈಟು, ಸೀಮೆಎಣ್ಣೆ, ಬೆಕ್ಕು ಮೂರನ್ನೂ ಒಂದೇ ವಾಕ್ಯದಲ್ಲಿ ಕೂರಿಸಿದ ಆ ಕೈಚಳಕಕ್ಕೆ ತಲೆದೂಗಿ, ಪ್ರತಿ ಪುಟದ ಕೆಳಗೂ ಸಹಿ ಮಾಡಿದೆ.

ಪ್ರಾಣಿ ಬೇಡ ಎನ್ನಲು ಓನರುಗಳಿಗೆ ಏನು ಕಾರಣ? ಬಾಗಿಲು ಕೆರೆಯುತ್ತದೆ, ವಾಸನೆ ಬರುತ್ತದೆ, ಗೋಡೆ ಹಾಳಾಗುತ್ತದೆ. ನ್ಯಾಯವಾದ ಭಯಗಳೇ. ಆದರೆ ಬೆಂಗಳೂರಿನಲ್ಲಿ ಈ ಭಯಗಳಿಗೆಲ್ಲ ಮುಂಗಡವಾಗಿಯೇ ಮದ್ದು ಅರೆದಿಟ್ಟಿದ್ದಾರೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಹಿಡಿದುಕೊಳ್ಳುವ ಪದ್ಧತಿ ಈ ಊರಿನಲ್ಲಿ ಬಹುಕಾಲದಿಂದ ಇದೆ. ಈಗ ಕೆಲವರು ಐದಾರಕ್ಕೆ ಇಳಿದಿದ್ದಾರೆ. ಹಳೆಯ ಬಡಾವಣೆಗಳ ಹಳೆಯ ಓನರುಗಳು ಹತ್ತಕ್ಕೇ ನಿಂತಿದ್ದಾರೆ. ಮನೆ ಖಾಲಿ ಮಾಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಗೋಡೆ ಕೊಳಕಾಗಿದ್ದರೂ ಮುರಿಯುತ್ತಾರೆ, ಕನ್ನಡಿಯಂತಿದ್ದರೂ ಮುರಿಯುತ್ತಾರೆ. ಹತ್ತು ತಿಂಗಳ ಬಾಡಿಗೆಯಷ್ಟು ಬೆಲೆಯ ನಷ್ಟ ಮಾಡಬೇಕಾದರೆ ಮನೆಯೊಳಗೆ ಆನೆಯನ್ನೇ ಕಟ್ಟಬೇಕು. ಆನೆಗೆ ಅರಣ್ಯ ಇಲಾಖೆಯ ಅನುಮತಿ ಬೇಕಾದ್ದರಿಂದ ಆ ಅಪಾಯವೂ ಇಲ್ಲ.

ಆದರೂ ಈ ನಿಷೇಧ ಇವತ್ತಿನದೇನಲ್ಲ. ಮಹಾಪ್ರಸ್ಥಾನದಲ್ಲಿ ತಮ್ಮಂದಿರೂ ದ್ರೌಪದಿಯೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯ ನಾಯಿಯೊಂದನ್ನು ಜೊತೆಗಿಟ್ಟುಕೊಂಡು ಹೋಗುತ್ತಾನೆ. ಇಂದ್ರ ರಥ ತಂದು ನಿಲ್ಲಿಸುತ್ತಾನೆ. ಮನೆ ನಿನಗೇ, ನಾಯಿಗೆ ಜಾಗವಿಲ್ಲ, ನಾಯಿ ಇರುವವರಿಗೆ ಸ್ವರ್ಗದಲ್ಲಿ ಸ್ಥಾನವಿಲ್ಲ ಅನ್ನುತ್ತಾನೆ. ಹಾಗಾದರೆ ನಿನ್ನ ಮನೆಯೇ ನನಗೆ ಬೇಡ ಎಂದ ಮೊದಲ ಬಾಡಿಗೆದಾರ ಧರ್ಮರಾಯ. ಆ ಕಥೆಯಲ್ಲಿ ನನಗೆ ಬಹಳ ಹಿಡಿಸುವುದು ಅದರ ಕೊನೆ. ನಾಯಿಯ ರೂಪದಲ್ಲಿ ಬಂದದ್ದು ಯಮಧರ್ಮ. ಎಂದರೆ ಬಾಡಿಗೆದಾರ ಎಂಥವನೆಂದು ನೋಡಲು ಮೇಲಿನವರ ಪೈಕಿಯೇ ಒಬ್ಬರು ಪ್ರಾಣಿಯ ವೇಷದಲ್ಲಿ ಬಂದಿದ್ದರು. ನಮ್ಮ ಕಾಲದ ಓನರುಗಳು ಬಾಡಿಗೆದಾರನ ಗುಣ ತಿಳಿಯಲು ಕಂಪನಿಯ ಐಡಿ ಕಾರ್ಡಿನ ಜೆರಾಕ್ಸ್ ಕೇಳುತ್ತಾರೆ. ಯಮಧರ್ಮನ ಪರೀಕ್ಷೆ ಇದಕ್ಕಿಂತ ಚೆನ್ನಾಗಿತ್ತು.

ನಾನು ಧರ್ಮರಾಯನಲ್ಲ. ಮನೆಯೂ ಬೇಕು, ಪ್ರಾಣಿಯೂ ಬೇಕು ಅನ್ನುವ ಜಾತಿ. ಅದರಲ್ಲೂ ಪ್ರಾಣಿ ನಾನು ತಂದದ್ದಲ್ಲ. ಮಗಳ ಸಹಪಾಠಿಯ ಮನೆಯವರು ಮಸ್ಕತ್ತಿಗೆ ಹೊರಟರು. ಅವರ ಫ್ರಿಜ್ಜು ಒಬ್ಬರಿಗೆ, ಸೋಫಾ ಇನ್ನೊಬ್ಬರಿಗೆ ಹೋಯಿತು. ಗಿನಿಪಿಗ್ ನಮ್ಮ ಪಾಲಿಗೆ ಬಂತು. ಮಗಳು ಅದನ್ನು ಶೂ ಡಬ್ಬಿಯಲ್ಲಿಟ್ಟು, ಮೇಲೆ ದುಪ್ಪಟ್ಟಾ ಹೊದಿಸಿ, ಮೆಟ್ಟಿಲು ಹತ್ತಿಸಿ ತಂದಳು. ಬಿಳಿ, ಕಂದು ಬಣ್ಣದ, ಬಾಲವೇ ಇಲ್ಲದ ಒಂದು ಉಂಡೆ. ತೂಕ ಒಂದು ಕಿಲೋಗೆ ಸ್ವಲ್ಪ ಕಡಿಮೆ. ಏಳನೆಯ ಕಲಮನ್ನು ನಾನು ಗಟ್ಟಿಯಾಗಿ ಓದಿ ಹೇಳಿದೆ. ಮಗಳು ಪೂರ್ತಿ ಕೇಳಿಸಿಕೊಂಡು, ‘ಅಪ್ಪಾ, ಇದು ಸ್ಫೋಟಕ ಅಲ್ಲ, ದ್ರವಾನೂ ಅಲ್ಲ’ ಅಂದಳು. ಮೂರನೆಯದರ ಸುದ್ದಿ ಎತ್ತಲಿಲ್ಲ. ಇವಳು ವಕೀಲಿ ಓದಿದರೆ ಒಳ್ಳೆಯದು ಅಂತ ಅವತ್ತೇ ಅನ್ನಿಸಿತು.

ಗಿನಿಪಿಗ್ಗಿನ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಸೀಮೆ. ಪೆರು, ಬೊಲಿವಿಯಾ ಕಡೆಯ ಹಳ್ಳಿಮನೆಗಳಲ್ಲಿ ಇವು ಅಡುಗೆಮನೆಯ ನೆಲದ ಮೇಲೇ ಓಡಾಡಿಕೊಂಡಿರುತ್ತವೆ. ಸೊಪ್ಪಿನ ದಂಟು, ತರಕಾರಿ ಸಿಪ್ಪೆ ತಿಂದು ಬೆಳೆಯುತ್ತವೆ. ಅಲ್ಲಿ ಇವುಗಳಿಗೆ ಯಾವ ಓನರಿನ ಕಾಟವೂ ಇಲ್ಲ. ಹುಟ್ಟುವುದೂ ಅಡುಗೆಮನೆಯಲ್ಲೇ, ಕೊನೆಗೆ ಬೇಯುವುದೂ ಅಡುಗೆಮನೆಯಲ್ಲೇ. ಸಾವಿರಾರು ವರ್ಷಗಳಿಂದ ಮಾಂಸಕ್ಕೆಂದು ಸಾಕಿದ ಪ್ರಾಣಿ ಅದು. ಹೀಗೆ ನೋಡಿದರೆ ಒಲೆಯಿಂದ ಪಾರಾಗಿ ಹನುಮಂತನಗರದ ಸಸ್ಯಾಹಾರಿ ಬೀದಿಗೆ ಬಂದು ಸೇರಿದ್ದು ಅದರ ಪೂರ್ವಜನ್ಮದ ಪುಣ್ಯ.

ಊರಿಂದ ಬಂದ ನನ್ನಮ್ಮನಿಗೆ ಮಾತ್ರ ಈ ಪುಣ್ಯದ ವಿಚಾರ ಒಪ್ಪಿಗೆಯಾಗಲಿಲ್ಲ. ಸಾಗರದ ಕಡೆ ನಮ್ಮ ಹಳೆಯ ಮನೆಯಲ್ಲಿ ಪ್ರಾಣಿಗಳಿಗೇನು ಕೊರತೆ? ಕೊಟ್ಟಿಗೆಯಲ್ಲಿ ದನ, ಅಂಗಳದಲ್ಲಿ ನಾಯಿ, ಒಲೆಯ ಬೂದಿಯಲ್ಲಿ ಬೆಕ್ಕು, ಕಟ್ಟಿಗೆ ರಾಶಿಯಲ್ಲಿ ಆಗೀಗ ಒಂದು ಕೇರೆ ಹಾವು. ಯಾವುದನ್ನೂ ಸಾಕುತ್ತೇವೆ ಎಂದು ಅಂದುಕೊಂಡವರೇ ಇಲ್ಲ. ಅವೂ ಇದ್ದವು, ನಾವೂ ಇದ್ದೆವು. ಪ್ರತಿಯೊಂದಕ್ಕೂ ಒಂದು ಕೆಲಸವಿತ್ತು. ಅಮ್ಮ ಪಂಜರದ ಮುಂದೆ ಕೂತು ಬಹಳ ಹೊತ್ತು ನೋಡಿದಳು. ‘ಹಾಲು ಕೊಡ್ತದಾ?’ ಇಲ್ಲ. ‘ಮನೆ ಕಾಯ್ತದಾ?’ ಇಲ್ಲ. ‘ಇಲಿಯಾದ್ರೂ ಹಿಡೀತದಾ?’ ಮೊಮ್ಮಗಳು ನಕ್ಕು, ‘ಅಜ್ಜಿ, ಅದೇ ಇಲಿಯ ಜಾತಿ’ ಅಂದಳು. ‘ಶಿವನೇ, ದುಡ್ಡು ಕೊಟ್ಟು ಇಲಿ ಸಾಕ್ತ್ರಾ!’ ಎಂದು ಎದ್ದುಹೋದ ಅಮ್ಮ ಸಂಜೆಯ ಹೊತ್ತಿಗೆ ಕೊತ್ತಂಬರಿ ದಂಟನ್ನು ಒಂದೊಂದಾಗಿ ಸರಳಿನ ಸಂದಿಯಿಂದ ಒಳಕ್ಕೆ ದಾಟಿಸುತ್ತಿದ್ದಳು. ಕೇಳಿದ್ದಕ್ಕೆ, ‘ಹೆಂಗೂ ಬಿಸಾಡದು’ ಎಂಬ ಸಮಜಾಯಿಷಿ.

ಗುಟ್ಟಾಗಿ ಸಾಕುವುದೆಂದರೆ ಮೊದಲು ಹೆಸರಿಡುವ ಸಮಸ್ಯೆ. ನಮ್ಮ ಬಾಗಿಲ ಮುಂದಿನ ಮೆಟ್ಟಿಲಿನಲ್ಲೇ ಓನರ್ ಮನೆಯವರು ಟೆರೇಸಿಗೆ ಹೋಗಬೇಕು. ಟ್ಯಾಂಕ್ ತುಂಬಿತೇ ನೋಡಲು ಓನರ್, ಹಪ್ಪಳ, ಬಾಳಕದ ಮೆಣಸಿನಕಾಯಿ ಒಣಹಾಕಲು ಆಂಟಿ. ಟಾಮಿ, ಪಿಂಕಿ ಎಂದೆಲ್ಲ ಕೂಗಿದರೆ ಮೂರನೆಯ ಮೆಟ್ಟಿಲಿಗೇ ಸಿಕ್ಕಿಬೀಳುತ್ತೇವೆ. ಅದಕ್ಕೆ ಮಗಳು ಬಹಳ ಯೋಚಿಸಿ ಬೋಂಡ ಎಂದು ಹೆಸರಿಟ್ಟಳು. ಆಕಾರಕ್ಕೂ ಒಪ್ಪಿತು, ರಕ್ಷಣೆಗೂ ಆಯಿತು. ‘ಬೋಂಡ ಎಲ್ಲಿ?’, ‘ಬೋಂಡ ಮಂಚದ ಕೆಳಗಿದೆ’, ‘ಅಯ್ಯೋ, ಬೋಂಡ ಪೇಪರ್ ತಿಂತಿದೆ!’ ಇಂಥ ಮಾತುಗಳು ಮೆಟ್ಟಿಲವರೆಗೆ ಕೇಳಿಸಿರಬೇಕು. ಒಂದು ದಿನ ಆಂಟಿ ನನ್ನ ಹೆಂಡತಿಯನ್ನು ತಡೆದು ನಿಲ್ಲಿಸಿ, ‘ದಿನಾ ಬೋಂಡ ಕರೀತೀರೇನಮ್ಮಾ? ಎಣ್ಣೆ ಪದಾರ್ಥ ಮಕ್ಕಳಿಗೆ ಅಷ್ಟು ಒಳ್ಳೇದಲ್ಲ. ನಿಮ್ಮೆಜಮಾನ್ರ ಹೊಟ್ಟೇನೂ ನೋಡಿದೀನಿ’ ಎಂದು ಬುದ್ಧಿ ಹೇಳಿದರು. ತಿನ್ನದ ಬೋಂಡಕ್ಕೆ ನನ್ನ ಹೊಟ್ಟೆ ಅಪವಾದ ಹೊತ್ತುಕೊಂಡಿತು.

ಎರಡನೆಯ ಸಮಸ್ಯೆ ಹುಲ್ಲು. ಗಿನಿಪಿಗ್ಗಿನ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ. ಹುಲ್ಲು ಅಗಿಯುತ್ತಿದ್ದರೆ ಮಾತ್ರ ಸವೆದು ಹದದಲ್ಲಿರುತ್ತದೆ. ಒಣಹುಲ್ಲಿನ ಪ್ಯಾಕೆಟ್ಟು ಪೆಟ್ ಶಾಪುಗಳಲ್ಲಿ ಸಿಗುತ್ತದೆ, ಆದರೆ ಅದರ ಬೆಲೆ ಕೇಳಿದರೆ ನಾವೇ ಹುಲ್ಲು ತಿನ್ನಬೇಕಾಗುತ್ತದೆ. ಆಗ ಕಣ್ಣಿಗೆ ಬಿದ್ದದ್ದು ಗಾಂಧಿಬಜಾರಿನ ಗರಿಕೆ. ಹೂವಿನವರ ಬುಟ್ಟಿಯ ಅಂಚಿನಲ್ಲಿ ನೀರು ಚಿಮುಕಿಸಿಟ್ಟ ಎಳೆಯ ಕಟ್ಟುಗಳು. ಬೋಂಡಕ್ಕೆ ಅದು ಪ್ರಾಣ. ದಿನ ಬೆಳಿಗ್ಗೆ ವಾಕಿಂಗ್ ಮುಗಿಸಿ ಕೈಯಲ್ಲಿ ಗರಿಕೆ ಹಿಡಿದು ಗೇಟು ತೆಗೆಯುತ್ತಿದ್ದ ನನ್ನನ್ನು ಓನರ್ ನೋಡುತ್ತಿದ್ದರು. ಸಂಕಷ್ಟಿಯ ದಿನ ಇಪ್ಪತ್ತೊಂದು ಗರಿಕೆ ಏರಿಸುವವರನ್ನು ಅವರು ಕಂಡಿದ್ದರು. ಪ್ರತಿದಿನ ಕಟ್ಟುಗಟ್ಟಲೆ ಏರಿಸುವ ಭಕ್ತನನ್ನು ಕಂಡಿರಲಿಲ್ಲ. ಕ್ರಮೇಣ ನನ್ನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದರು. ಗಣೇಶ ಚತುರ್ಥಿಗೆ ಬೀದಿಯ ಪೆಂಡಾಲಿನ ಪೂಜೆಗೆ ಸಂಕಲ್ಪ ಮಾಡಲು ನನ್ನನ್ನೇ ಕೂರಿಸಿದರು. ದೇವರ ಗರಿಕೆ ದೇವರ ವಾಹನದ ದೂರದ ನೆಂಟನಿಗೇ ತಾನೆ ಹೋಗುತ್ತಿರುವುದು ಎಂದು ನಾನೂ ಸಮಾಧಾನ ಮಾಡಿಕೊಂಡು ಮಣೆಯ ಮೇಲೆ ಕೂತೆ.

ಮೂರನೆಯದು, ಎಲ್ಲಕ್ಕಿಂತ ಕಷ್ಟದ್ದು, ಸದ್ದು. ಗಿನಿಪಿಗ್ಗು ಬೊಗಳುವುದಿಲ್ಲ, ಮಿಯಾಂವ್ ಅನ್ನುವುದಿಲ್ಲ, ಆದ್ದರಿಂದ ಗುಟ್ಟಾಗಿ ಸಾಕಲು ಅದಕ್ಕಿಂತ ಒಳ್ಳೆಯ ಪ್ರಾಣಿಯಿಲ್ಲ ಎಂದು ನಂಬಿದ್ದೆವು. ಫ್ರಿಜ್ಜಿನ ಬಾಗಿಲು ತೆಗೆಯುವವರೆಗೆ ಆ ನಂಬಿಕೆ ಇತ್ತು. ತರಕಾರಿಯ ಕವರು ಸರಬರ ಅಂದ ಕೂಡಲೇ ಬೋಂಡ ಮುಂಗಾಲುಗಳನ್ನು ಸರಳಿನ ಮೇಲಿಟ್ಟು, ಕತ್ತು ಎತ್ತಿ, ‘ವ್ಹೀಕ್, ವ್ಹೀಕ್’ ಎಂದು ಸೀಟಿ ಹೊಡೆಯಲು ಶುರುಮಾಡಿತು. ಅಷ್ಟು ಸಣ್ಣ ಗಂಟಲಿನಲ್ಲಿ ಅಷ್ಟು ದೊಡ್ಡ ಸೀಟಿ ಎಲ್ಲಿ ಅಡಗಿತ್ತೋ ಗೊತ್ತಿಲ್ಲ. ಮನುಷ್ಯರನ್ನು ಕಂಡು ಊಟ ಕೇಳಲಿಕ್ಕೆಂದೇ ಈ ಪ್ರಾಣಿ ಇಟ್ಟುಕೊಂಡಿರುವ ಕೂಗು ಅದು. ನಮ್ಮ ಮನೆಯಲ್ಲಿ ಫ್ರಿಜ್ಜು ತೆಗೆಯುವುದೇ ಒಂದು ಕಾರ್ಯಾಚರಣೆಯಾಯಿತು. ಒಬ್ಬರು ಟೀವಿಯ ಸದ್ದು ಏರಿಸಬೇಕು, ಇನ್ನೊಬ್ಬರು ಬಾಗಿಲು ತೆಗೆಯಬೇಕು.

ನಮ್ಮನ್ನು ಕಾಪಾಡಿದ್ದು ಓನರ್ ಮನೆಯ ಗಿಳಿ. ಕೆಳಗಿನ ವರಾಂಡದಲ್ಲಿ, ಕಬ್ಬಿಣದ ಪಂಜರದೊಳಗೆ, ಕೊರಳಿಗೆ ಗುಲಾಬಿ ಉಂಗುರವಿರುವ ಹಸಿರು ಗಿಳಿ. ಹೆಸರು ರಾಮ. ಯಾವುದೋ ಮಳೆಗಾಲದಲ್ಲಿ ಮರದಿಂದ ಬಿದ್ದ ಮರಿ ಅಂತೆ. ಎತ್ತಿ ತಂದು, ಹಾಲನ್ನ ತಿನ್ನಿಸಿ ಬೆಳೆಸಿದ್ದರು. ನಾಲ್ಕಾರು ಮಾತು ಕಲಿತಿತ್ತು. ಮೇಲಿನ ಮನೆಯ ಸೀಟಿ ಕಿಟಕಿಯಿಂದ ಇಳಿದು ಬಂದದ್ದೇ, ರಾಮ ಅದನ್ನೂ ಕಲಿತ. ನಾವು ಫ್ರಿಜ್ಜು ತೆಗೆಯದಿದ್ದಾಗಲೂ ಕೆಳಗಿನಿಂದ ‘ವ್ಹೀಕ್’ ಬರತೊಡಗಿತು. ಅದನ್ನು ಕೇಳಿ ಬೋಂಡ ಮೇಲಿನಿಂದ ಉತ್ತರ ಕೊಡುತ್ತಿತ್ತು. ಓನರಿಗೆ ಹಿಗ್ಗೋ ಹಿಗ್ಗು. ಬಂದವರಿಗೆಲ್ಲ, ‘ನಮ್ಮ ರಾಮ ಈಗ ಸೀಟಿ ಹೊಡೀತಾನೆ, ಯಾರೂ ಹೇಳಿಕೊಟ್ಟಿಲ್ಲ’ ಎಂದು ತೋರಿಸುತ್ತಿದ್ದರು. ಅಂದಿನಿಂದ ಆ ಕಟ್ಟಡದಲ್ಲಿ ಎಲ್ಲಿ ಸೀಟಿ ಕೇಳಿದರೂ ಅದು ರಾಮನ ಖಾತೆಗೆ ಜಮೆ.

ಇಲ್ಲಿ ಒಂದು ತಮಾಷೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು ಅಪರಾಧ. ಮುನಿಯಾ, ನಕ್ಷತ್ರ ಆಮೆ ಇವಕ್ಕೂ ಅದೇ ಕಾನೂನು. ಲವ್‌ಬರ್ಡ್ಸ್ ಎಂದು ಮಾರುವ ಆಸ್ಟ್ರೇಲಿಯಾದ ಪುಟ್ಟ ಗಿಣಿಗಳು, ಮೊಲ, ಗಿನಿಪಿಗ್ಗು ಇವುಗಳನ್ನು ಸಾಕಲು ಆ ಕಾಯ್ದೆಯ ಅಡ್ಡಿಯಿಲ್ಲ. ಹೀಗಾಗಿ ಮಹಡಿಯ ಮೇಲಿದ್ದದ್ದು ದೇಶದ ಕಾನೂನು ಒಪ್ಪಿದ, ಅಗ್ರಿಮೆಂಟು ಒಪ್ಪದ ಪ್ರಾಣಿ. ಕೆಳಗಿದ್ದದ್ದು ಅಗ್ರಿಮೆಂಟಿಗೆ ಸಂಬಂಧವಿಲ್ಲದ, ದೇಶದ ಕಾನೂನು ಒಪ್ಪದ ಪಕ್ಷಿ. ಇದನ್ನು ಓನರಿಗೆ ತಿಳಿಸಿ ಹೇಳುವ ಧೈರ್ಯ ಬಾಡಿಗೆದಾರನಿಗೆ ಬರುವುದು ಅಡ್ವಾನ್ಸ್ ಕೈಗೆ ಬಂದು, ಲಾರಿಗೆ ಸಾಮಾನು ಏರಿಸಿದ ಮೇಲೆ.

ಅಷ್ಟರಲ್ಲಿ ಮಗಳು ಎಲ್ಲಿಂದಲೋ ಓದಿಕೊಂಡು ಬಂದಳು. ಗಿನಿಪಿಗ್ಗು ಹಿಂಡಿನಲ್ಲಿ ಬದುಕುವ ಪ್ರಾಣಿ, ಒಂಟಿಯಾಗಿಟ್ಟರೆ ಕೊರಗುತ್ತದೆ, ಸ್ವಿಟ್ಜರ್ಲೆಂಡಿನಲ್ಲಿ 2008ರಲ್ಲಿ ಜಾರಿಗೆ ಬಂದ ನಿಯಮದಂತೆ ಒಂದನ್ನೇ ಸಾಕುವುದು ಕಾನೂನಿಗೆ ವಿರುದ್ಧ. ಮಾತು ನಿಜವೇ. ಸ್ವಿಟ್ಜರ್ಲೆಂಡಿನಲ್ಲಿ ಒಂದಿದ್ದರೆ ತಪ್ಪು, ಹನುಮಂತನಗರದಲ್ಲಿ ಒಂದಿದ್ದರೂ ತಪ್ಪು. ಎರಡು ದೇಶಗಳ ನಡುವೆ ಸಿಕ್ಕಿಕೊಂಡ ನಾನು ಶಿವಾಜಿನಗರಕ್ಕೆ ಹೋಗಿ ಇನ್ನೊಂದನ್ನು ತಂದೆ. ‘ಇದೂ ಹೆಣ್ಣೇ ಸಾರ್, ಗ್ಯಾರಂಟಿ’ ಎಂದು ಅಂಗಡಿಯವನು ಅದನ್ನು ತಿರುಗಿಸಿ ತೋರಿಸಿದ. ಏನು ಕಂಡಿತೋ, ಇಬ್ಬರೂ ತಲೆಯಾಡಿಸಿದೆವು. ಬಜ್ಜಿ ಎಂದು ಹೆಸರಿಟ್ಟೆವು. ಬೋಂಡ, ಬಜ್ಜಿ ಬಹಳ ಅನ್ಯೋನ್ಯವಾಗಿದ್ದವು. ಸಂತೋಷ ಹೆಚ್ಚಾದಾಗ ನಿಂತಲ್ಲೇ ಚಿಮ್ಮಿ ಹಾರುವುದು ಈ ಪ್ರಾಣಿಯ ಅಭ್ಯಾಸ. ಎರಡೂ ಒಟ್ಟಿಗೆ ಹಾರುತ್ತಿದ್ದವು. ಬೋಂಡ ದಿನದಿಂದ ದಿನಕ್ಕೆ ಗುಂಡಗಾಗುವುದನ್ನು ಕಂಡು ಗರಿಕೆಯ ಮಹಿಮೆ ಎಂದುಕೊಂಡೆವು.

ಎರಡನ್ನೂ ಬುಟ್ಟಿಯಲ್ಲಿಟ್ಟುಕೊಂಡು, ಆಟೋ ಹಿಡಿದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದಾಗ ನಿಜ ಹೊರಬಿತ್ತು. ಎಮ್ಮೆ, ಕುರಿ, ಅಲ್ಸೇಶಿಯನ್ ನಾಯಿಗಳ ಸಾಲಿನಲ್ಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆವು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಬಜ್ಜಿಯನ್ನು ಎತ್ತಿ ನೋಡಿ, ‘ಇವನು ಅಪ್ಪ ಆಗ್ತಿದಾನೆ’ ಅಂದರು. ಈ ಪ್ರಾಣಿಯ ಗರ್ಭ ಎರಡು ತಿಂಗಳಿಗೂ ಮಿಕ್ಕಿ ನಿಲ್ಲುತ್ತದೆ. ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲು, ಬಿಟ್ಟ ಕಣ್ಣು. ಕೆಲವೇ ಗಂಟೆಗಳಲ್ಲಿ ಓಡಾಡುತ್ತವೆ. ಹೆತ್ತ ದಿನವೇ ತಾಯಿ ಮತ್ತೆ ಗರ್ಭ ಧರಿಸಬಲ್ಲಳು, ಅದಕ್ಕೆ ಬಜ್ಜಿಯನ್ನು ಈಗಿಂದೀಗಲೇ ಬೇರೆ ಇಡಿ ಎಂದರು. ಮನುಷ್ಯರ ಹಾಗೆಯೇ ಇವಕ್ಕೂ ವಿಟಮಿನ್ ಸಿ ಮೈಯಲ್ಲಿ ತಯಾರಾಗುವುದಿಲ್ಲ, ಆಹಾರದಿಂದಲೇ ಬರಬೇಕು, ದಪ್ಪ ಮೆಣಸಿನಕಾಯಿ ಕೊಡಿ ಎಂದರು. ನಾವು ಹೂಂಗುಟ್ಟುತ್ತಿದ್ದರೂ ಮನಸ್ಸಿನಲ್ಲಿ ಓಡುತ್ತಿದ್ದದ್ದು ಅಗ್ರಿಮೆಂಟಿನ ಇನ್ನೊಂದು ಕಲಮು. ಒಳಬಾಡಿಗೆಗೆ ಕೊಡಕೂಡದು ಎಂದಿತ್ತಲ್ಲ, ನಮ್ಮ ಮನೆಯಲ್ಲಿ ಈಗ ಒಂದು ಸಂಸಾರವೇ ಒಳಬಾಡಿಗೆಗೆ ಬಂದಿತ್ತು.

ಮರಿಗಳು ಮೂರು. ಚಟ್ನಿ, ಸಾಗು, ಪಲ್ಯ ಎಂದು ನಾಮಕರಣವಾಯಿತು. ಅವು ತಾಯಿಯಿಂದ ಬೇರೆಯಾಗುವ ಹೊತ್ತಿಗೆ ಮನೆ ಹುಡುಕಲು ಹೊರಟಾಗ ನನಗೆ ಈ ಊರಿನ ಇನ್ನೊಂದು ಮುಖ ಕಂಡಿತು. ಕೇಳಿದವರಲ್ಲಿ ಹೆಚ್ಚಿನವರು ಬಾಡಿಗೆದಾರರೇ. ಹೆಚ್ಚಿನವರ ಅಗ್ರಿಮೆಂಟಿನಲ್ಲೂ ಅದೇ ಕಲಮು. ಮತ್ತು ಹಲವರ ಮನೆಯಲ್ಲಿ ಆಗಲೇ ಏನೋ ಒಂದು ಇತ್ತು. ತ್ಯಾಗರಾಜನಗರದ ಗೆಳೆಯನ ಬಾತ್‌ರೂಮಿನಲ್ಲಿ ಮೊಲ. ಕತ್ರಿಗುಪ್ಪೆಯ ಸಹೋದ್ಯೋಗಿಯ ಬೀರುವಿನ ಮೇಲೆ ಬೆಕ್ಕು. ಓನರ್ ಬಂದಾಗ ಅದು ಪಕ್ಕದ ಮನೆಯ ಬೆಕ್ಕು. ಜರಡಿ ಮುಚ್ಚಿದ ಬಕೆಟ್ಟಿನಲ್ಲಿ ಬಿಳಿ ಇಲಿ ಸಾಕಿದವರೂ ಸಿಕ್ಕಿದರು. ಇಷ್ಟು ದಿನ ಒಂದೇ ಆಫೀಸಿನಲ್ಲಿ ಕೂತು ಇನ್‌ಕಮ್ ಟ್ಯಾಕ್ಸು, ಟ್ರಾಫಿಕ್ಕು ಎಂದು ಮಾತಾಡುತ್ತಿದ್ದವರು, ನಾನು ನನ್ನ ಗುಟ್ಟು ಬಿಟ್ಟುಕೊಟ್ಟ ಮೇಲೆ ದನಿ ತಗ್ಗಿಸಿ, ಮೊಬೈಲಿನಲ್ಲಿ ಫೋಟೋ ತೋರಿಸಿದರು.

ಗುಟ್ಟು ಅಂದೆನಲ್ಲ, ಅದು ಗುಟ್ಟಾಗಿದ್ದದ್ದು ಕೆಳಗಿನ ಮನೆಯವರಿಗೆ ಮಾತ್ರ. ಹಸಿಕಸ ಒಯ್ಯುವ ಪೌರಕಾರ್ಮಿಕ ಮಹಿಳೆಗೆ ಮೊದಲ ವಾರವೇ ಗೊತ್ತಾಗಿತ್ತು. ‘ಮೊಲವಾ ಸಾರ್?’ ಎಂದು ಅವರು ಕೇಳಿದ್ದೂ, ನಾನು ಬೆರಳನ್ನು ತುಟಿಗಿಟ್ಟದ್ದೂ ಒಟ್ಟಿಗೇ ಆಯಿತು. ಗ್ಯಾಸ್ ಸಿಲಿಂಡರಿನ ಹುಡುಗನಿಗೆ ಗೊತ್ತಿತ್ತು. ಸೊಪ್ಪಿನ ಗಾಡಿಯ ಅಜ್ಜಿ ಕ್ಯಾರೆಟ್ಟಿನ ಎಲೆಗಳನ್ನು ಪ್ರತ್ಯೇಕ ತೆಗೆದಿಡುತ್ತಿದ್ದಳು. ಇವರೆಲ್ಲ ಯಾಕೆ ಬಾಯಿ ಬಿಡಲಿಲ್ಲ? ನನಗೆ ತೋರುವ ಕಾರಣ ಒಂದೇ. ಅವರಲ್ಲಿ ಯಾರಿಗೂ ಸ್ವಂತ ಮನೆಯಿರಲಿಲ್ಲ.

ಈ ಅವಧಿಯಲ್ಲಿ ನಾವು ಎಂಥ ಬಾಡಿಗೆದಾರರಾಗಿದ್ದೆವು ಅನ್ನುವುದನ್ನು ಹೇಳಿಬಿಡಬೇಕು. ಓನರಿಗೆ ಮೇಲೆ ಬರಲು ನೆಪವೇ ಸಿಗಬಾರದೆಂದು ಒಂದನೇ ತಾರೀಖು ಬೆಳಿಗ್ಗೆಯೇ ಫೋನಿನಲ್ಲಿ ಬಾಡಿಗೆ ಹಾಕುತ್ತಿದ್ದೆ. ನಲ್ಲಿ ಸೋರಿದರೆ ನಾವೇ ವಾಷರ್ ಹಾಕಿಸುತ್ತಿದ್ದೆವು. ವಾಸನೆ ಬಾರದಿರಲೆಂದು ನೆಲ ದಿನಕ್ಕೆರಡು ಸಲ ಒರೆಸಿ ಒರೆಸಿ ಮೊಸಾಯಿಕ್ಕಿಗೆ ಹೊಳಪು ಬಂದಿತ್ತು. ಯಾರ ಮೇಲೂ ಜಗಳವಿಲ್ಲ, ಪಾರ್ಕಿಂಗಿಗೆ ತಕರಾರಿಲ್ಲ. ನೀರು ಬಾರದ ದಿನ ಎಲ್ಲರೂ ಓನರ್ ಬಾಗಿಲು ತಟ್ಟಿದರೆ ನಾವು ಮಾತ್ರ ಟ್ಯಾಂಕರಿಗೆ ನಮ್ಮ ಪಾಲಿನ ದುಡ್ಡು ಕೊಟ್ಟು ನಗುತ್ತಿದ್ದೆವು. ಕದ್ದು ಸಾಕಿದ ಪ್ರಾಣಿ ಮಾಡಿಸುವಷ್ಟು ಒಳ್ಳೆಯತನವನ್ನು ಯಾವ ಕಲಮೂ ಮಾಡಿಸಲಾರದು. ನಷ್ಟವಾದದ್ದು ಒಂದೇ ಕಡೆ. ಶಾಲೆಯಲ್ಲಿ ಸತ್ಯವನ್ನೇ ಹೇಳಬೇಕೆಂದು ಕಲಿತು ಬಂದ ಮಗಳು, ಕಾಲಿಂಗ್ ಬೆಲ್ಲು ಕೇಳಿದ ಕೂಡಲೇ ಪಂಜರದ ಮೇಲೆ ಬೆಡ್‌ಶೀಟು ಎಳೆದು, ಅದರ ಪಕ್ಕ ಇಸ್ತ್ರಿಪೆಟ್ಟಿಗೆ ಇಟ್ಟು, ಮುಗ್ಧ ಮುಖ ಮಾಡಿಕೊಂಡು ಬಾಗಿಲು ತೆರೆಯುವುದನ್ನೂ ಕಲಿತಳು. ಅವಳು ಅದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದಳೆಂದರೆ ನನಗೆ ಸ್ವಲ್ಪ ಹೆದರಿಕೆಯಾಗುತ್ತಿತ್ತು.

ನಡುವೆ ಕಾನೂನನ್ನೂ ಕೆದಕಿದೆ. ಸಕಲ ಜೀವಿಗಳಲ್ಲಿ ದಯೆಯಿಂದಿರುವುದು ಪ್ರಜೆಯ ಮೂಲಭೂತ ಕರ್ತವ್ಯ ಎಂದು ಸಂವಿಧಾನಕ್ಕೆ 1976ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ರುಕ್ಮಿಣೀದೇವಿ ಅರುಂಡೇಲ್ ಮೊದಲ ಅಧ್ಯಕ್ಷೆಯಾಗಿದ್ದ, 1962ರಲ್ಲಿ ಹುಟ್ಟಿದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಬಹುಮತದ ನಿರ್ಣಯವಿದ್ದರೂ ನಿವಾಸಿಗಳ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಹೇಳಿದೆ. ಓದಿ ಎದೆಯುಬ್ಬಿತು. ಮರುಕ್ಷಣ ಇಳಿಯಿತು. ಅದು ಅಪಾರ್ಟ್‌ಮೆಂಟಿನ ಸಂಘಗಳಿಗೆ ಹೇಳಿದ ಮಾತು. ಇಲ್ಲಿರುವುದು ಸಂಘವಲ್ಲ, ಒಬ್ಬ ಓನರ್, ಒಬ್ಬ ಬಾಡಿಗೆದಾರ, ಇಬ್ಬರೂ ಒಪ್ಪಿ ಹಾಕಿದ ಸಹಿ. ಇನ್ನು ದಯೆಯ ಕರ್ತವ್ಯವನ್ನು ಹಿಡಿದುಕೊಂಡು ಓನರ್ ಮುಂದೆ ನಿಂತರೆ, ದಯವಿಟ್ಟು ಮನೆ ಖಾಲಿ ಮಾಡಿ ಎನ್ನಲು ಅವರಿಗೂ ಬರುತ್ತದೆ.

ಕೊನೆಗೆ ನಮ್ಮನ್ನು ಹಿಡಿದುಕೊಟ್ಟದ್ದು ಬಾತ್‌ರೂಮಿನ ಪೈಪು. ಕೆಳಗಿನ ಮನೆಯ ತಾರಸಿಯಲ್ಲಿ ಒದ್ದೆ ಕಾಣಿಸಿ, ಓನರ್ ಒಂದು ಭಾನುವಾರ ಮುನ್ಸೂಚನೆಯಿಲ್ಲದೆ ಪ್ಲಂಬರನ ಜೊತೆ ಮೇಲೆ ಬಂದರು. ಮಗಳು ಬೆಡ್‌ಶೀಟು ಎಳೆದಳು, ಇಸ್ತ್ರಿಪೆಟ್ಟಿಗೆ ಇಟ್ಟಳು, ಎಲ್ಲ ಸರಿಯಾಗಿಯೇ ನಡೆಯಿತು. ಪ್ಲಂಬರ್ ತನ್ನ ಪ್ಲಾಸ್ಟಿಕ್ ಕವರಿನಿಂದ ಪೈಪಿನ ತುಂಡುಗಳನ್ನು ಸರಬರ ಎಂದು ಹೊರಗೆ ತೆಗೆದ. ಬೆಡ್‌ಶೀಟಿನ ಕೆಳಗಿನಿಂದ ಅಪ್ಪ, ಅಮ್ಮ, ನಮ್ಮಲ್ಲೇ ಉಳಿದಿದ್ದ ಒಂದು ಮರಿ, ಮೂರೂ ಒಟ್ಟಿಗೆ ‘ವ್ಹೀಕ್’ ಎಂದು ಶುರುಮಾಡಿದವು. ಕೆಳಗಿನಿಂದ ರಾಮ ದನಿಗೂಡಿಸಿದ. ಓನರ್ ನಿಂತರು. ಕೆಳಗೆ ಕಿವಿಗೊಟ್ಟರು, ಮೇಲೆ ಕಿವಿಗೊಟ್ಟರು. ತಾವೇ ಹೋಗಿ ಬೆಡ್‌ಶೀಟು ಎತ್ತಿದರು. ಬಗ್ಗಿ, ಮೊಣಕಾಲಿಗೆ ಕೈಕೊಟ್ಟು ಬಹಳ ಹೊತ್ತು ನೋಡಿ, ‘ಓಹೋ, ನಮ್ಮ ರಾಮನಿಗೆ ಸಂಗೀತ ಹೇಳಿಕೊಟ್ಟ ವಿದ್ವಾಂಸರು ಇವರೇನಾ!’ ಅಂದರು.

ನಾನು ಏಳನೆಯ ಕಲಮಿನ ವಿಷಯ ತೊದಲಿದೆ. ‘ಏಳನೇ ಕಲಮಾ? ಅದರಲ್ಲೇನಿದೆ?’ ಎಂದರು. ಹೇಳಿದೆ. ಅವರಿಗೆ ನಂಬಿಕೆಯಾಗಲಿಲ್ಲ. ಕೆಳಗೆ ಹೋಗಿ, ಬೀರುವಿನಿಂದ ಅಗ್ರಿಮೆಂಟು ತೆಗೆಸಿ, ಕನ್ನಡಕ ಹಾಕಿಕೊಂಡು ಓದಿದರು. ಅವರು ಅದನ್ನು ಓದಿದ್ದು ಅದೇ ಮೊದಲ ಸಲ. ‘ಇದನ್ನ ಯಾರ್ರೀ ಹಾಕಿದ್ದು? ನಾನು ಹೇಳಿದ್ದು ಎರಡೇ. ಬಾಡಿಗೆ ಎಷ್ಟು, ವರ್ಷಕ್ಕೆ ಎಷ್ಟು ಜಾಸ್ತಿ. ಮಿಕ್ಕದ್ದೆಲ್ಲ ಟೈಪಿಂಗ್ ಅಂಗಡಿಯವನದು.’ ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಗಿಳಿ ಸಾಕುವಂತಿಲ್ಲ ಎಂದು ಅವರಿಗೂ ಗೊತ್ತಂತೆ. ಬಿದ್ದಾಗ ರೆಕ್ಕೆ ಊನವಾಗಿ ಅದು ಹಾರಲಾರದಂತೆ. ಗೇಟಿನ ಹತ್ತಿರ ಖಾಕಿ ಬಟ್ಟೆ ಕಂಡರೆ, ಅದು ಪೋಸ್ಟ್‌ಮ್ಯಾನೇ ಆಗಿರಲಿ, ಆಂಟಿ ಓಡಿಹೋಗಿ ಪಂಜರದ ಮೇಲೆ ಟವೆಲ್ಲು ಹಾಕುತ್ತಾರಂತೆ. ನಾವು ಬೆಡ್‌ಶೀಟಿನವರು, ಅವರು ಟವೆಲ್ಲಿನವರು. ಒಂದೇ ಮೆಟ್ಟಿಲಿನ ಎರಡು ತುದಿಯಲ್ಲಿ ಇಷ್ಟು ದಿನ ಇದೇ ಕಸುಬು ನಡೆದಿತ್ತು.

ಅಗ್ರಿಮೆಂಟು ನವೀಕರಿಸುವಾಗ ಇಬ್ಬರೂ ಒಟ್ಟಿಗೇ ಟೈಪಿಂಗ್ ಅಂಗಡಿಗೆ ಹೋದೆವು. ಏಳನೆಯ ಕಲಮಿನಿಂದ ಸಾಕುಪ್ರಾಣಿ ತೆಗೆದುಹಾಕಪ್ಪಾ ಎಂದರೆ ಅಲ್ಲಿನ ಹುಡುಗ ಒಪ್ಪಲಿಲ್ಲ. ‘ಫಾರ್ಮ್ಯಾಟ್ ಮೊದಲಿಂದ ಹಿಂಗೇ ಇದೆ ಸಾರ್. ಮುಟ್ಟಿದ್ರೆ ನಂಬರಿಂಗ್ ಎಲ್ಲ ಹೋಗ್ಬಿಡುತ್ತೆ.’ ಆ ಫಾರ್ಮ್ಯಾಟನ್ನು ಮೊದಲು ಬರೆದವರು ಯಾರು? ಅವನಿಗೆ ತಿಳಿಯದು. ಅವನಿಗಿಂತ ಮುಂಚೆ ಇದ್ದವನು ಕೊಟ್ಟದ್ದು. ಯಾವ ಕಾಲದ, ಯಾವ ಬೀದಿಯ ಓನರನ್ನು ಯಾರ ನಾಯಿ ಕಚ್ಚಿತ್ತೋ, ಆ ಭಯ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹಾರುತ್ತ, ಬೇಕೆಂದು ಕೇಳದವರ ಸ್ಟಾಂಪ್ ಪೇಪರಿನ ಮೇಲೂ ಮುದ್ರಣವಾಗುತ್ತಿದೆ. ಓನರ್ ಜೇಬಿನಿಂದ ಪೆನ್ನು ತೆಗೆದು, ಆ ಒಂದು ಪದದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. ನಾನೂ ಹಾಕಿದೆ. ಬಾಡಿಗೆಯನ್ನು ಎಂದಿನಂತೆ ಶೇಕಡ 5 ಏರಿಸಲು ಮಾತ್ರ ಅವರು ಮರೆಯಲಿಲ್ಲ.

ಎಲ್ಲ ಓನರುಗಳೂ ಹೀಗಿರುವುದಿಲ್ಲ, ಗೊತ್ತು. ಬೆಕ್ಕಿನ ಕೂದಲಿಗೆ ಉಸಿರುಕಟ್ಟುವವರಿದ್ದಾರೆ. ಹಿಂದಿನ ಬಾಡಿಗೆದಾರ ಟೆರೇಸಿನಲ್ಲಿ ನಾಯಿ ಕಟ್ಟಿಹಾಕಿ ಊರಿಗೆ ಹೋದದ್ದನ್ನು ಅನುಭವಿಸಿದವರಿದ್ದಾರೆ. ಅಂಥವರು ಬೇಡ ಎಂದರೆ ಅದು ಅವರ ಮಾತು, ಅದಕ್ಕೆ ತೂಕವಿದೆ. ಆದರೆ ಎಷ್ಟೋ ಮನೆಗಳಲ್ಲಿ ಈ ನಿಷೇಧ ಓನರ್ ಹೇಳಿದ್ದೂ ಅಲ್ಲ, ಬಾಡಿಗೆದಾರ ಓದಿದ್ದೂ ಅಲ್ಲ. ಆದ್ದರಿಂದ ಬಾಡಿಗೆದಾರರಲ್ಲಿ ನನ್ನದೊಂದು ಬಿನ್ನಹ. ಅಡ್ವಾನ್ಸ್ ಕೊಡುವ ಮೊದಲು ಬಾಯಿಬಿಟ್ಟು ಕೇಳಿ. ಪ್ರಾಣಿಯನ್ನು ಕರೆದೊಯ್ದು ತೋರಿಸಿ. ಎಷ್ಟಿವೆ, ಯಾರು ಗುಡಿಸುತ್ತಾರೆ, ಹಾಳಾದರೆ ಯಾರು ಕಟ್ಟಿಕೊಡುತ್ತಾರೆ ಎಂಬುದನ್ನು ಬರವಣಿಗೆಯಲ್ಲೇ ಕೊಡಿ. ಓನರುಗಳಲ್ಲಿ ಇನ್ನೊಂದು. ನಿಮಗೆ ನಿಜವಾಗಿ ಯಾವುದರ ಭಯವೋ ಅದನ್ನೇ ಬರೆಸಿ, ಅಂಗಡಿಯವನ ಭಯವನ್ನಲ್ಲ. ಇಬ್ಬರೂ ಸಹಿ ಹಾಕುವ ಮೊದಲು ಒಮ್ಮೆ ಪೂರ್ತಿ ಓದಿ. ಬೇಡದ ಪದದ ಮೇಲೆ ಗೆರೆ ಎಳೆಯಲು ಒಂದು ಪೆನ್ನು, ಎರಡು ಚಿಕ್ಕ ಸಹಿ ಸಾಕು. ಬೇರೆ ಸ್ಟಾಂಪ್ ಪೇಪರ್ ಬೇಕಿಲ್ಲ.